179 ದಿನದ ಕನ್ನಡ

ಎರಡೂವರೆ ವರ್ಷ ಮನೆಯಲ್ಲಿ ಕೂತು ಅಡಿಕೆ ಸುಲಿದ ಮೇಲೆ ನನಗೊಂದು ಸರ್ಕಾರಿ ಕೆಲಸ ಸಿಕ್ಕಿತು. ಆಚೆಮನೆ ಭಾವ ಕೇಳಿದ ಮೊದಲ ಪ್ರಶ್ನೆ, "ಪರ್ಮನೆಂಟಾ?"

"ಅಲ್ಲ ಭಾವ, 179 ದಿನ."

"ಹಾಗಾದ್ರೆ ಅಡಿಕೆಗೆ ಮಳೆಗಾಲದ ಮದ್ದು ಬಿಡುವಾಗ ಬಂದುಬಿಡ್ತೀರಿ. ಒಳ್ಳೇದಾಯ್ತು."

ಕೇರಳದಲ್ಲಿ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಮೂಲಕ ಬರುವ ತಾತ್ಕಾಲಿಕ ಕೆಲಸದ ಆಯುಷ್ಯವೇ ಅಷ್ಟು. 1958ರ ಸರ್ವಿಸ್ ನಿಯಮದ ಪ್ರಕಾರ ಇಂಥ ನೇಮಕ 180 ದಿನ ದಾಟಬಾರದು. ದಾಟುವುದು ಹಾಗಿರಲಿ, 180ರ ಮುಖ ನೋಡುವುದಕ್ಕೂ ನಮ್ಮ ಸರ್ಕಾರಕ್ಕೆ ಹೆದರಿಕೆ. ಒಂದು ದಿನ ಮೊದಲೇ ಕೈಮುಗಿದು ಕಳಿಸುತ್ತದೆ. ಆ ಒಂದು ದಿನದಲ್ಲಿ ನಾನೇನು ಆಫೀಸನ್ನು ನನ್ನ ಹೆಸರಿಗೆ ರಿಜಿಸ್ಟ್ರಿ ಮಾಡಿಸಿಕೊಳ್ಳುತ್ತಿದ್ದೆನೋ ಏನೋ.

ಇದಕ್ಕಾಗಿ ನಾನು ಕಾದದ್ದು ಎಷ್ಟು ಅಂತೀರಿ? ಎಸ್ಸೆಸ್ಸೆಲ್ಸಿ ಮುಗಿದ ವರ್ಷ ಹೆಸರು ಬರೆಸಿದ್ದೆ. ಮೂರು ವರ್ಷಕ್ಕೊಮ್ಮೆ ರಿನ್ಯೂವಲ್. ಈಗ ನನ್ನ ಮಗನೇ ಎಸ್ಸೆಸ್ಸೆಲ್ಸಿ.

ಆಫೀಸಿನ ಹೆಸರು ಹೇಳುವುದಿಲ್ಲ. ಹೇಳಿದರೆ 179 ಕೂಡ ಸಿಗಲಿಕ್ಕಿಲ್ಲ. ನನ್ನನ್ನು ತೆಗೆದುಕೊಂಡದ್ದು ಕನ್ನಡ ಓದಲು ಬರುತ್ತದೆ ಅಂತ. ಕಾಸರಗೋಡಲ್ವಾ, ಜನ ಕನ್ನಡದಲ್ಲೂ ಅರ್ಜಿ ಕೊಡುತ್ತಾರೆ. ಮೊದಲ ದಿನ ಸೂಪರಿಂಟೆಂಡೆಂಟರು ಕಪಾಟು ತೆರೆದು ಒಂದು ಕಟ್ಟು ತೋರಿಸಿದರು. ಮೇಲೆ ಮಲಯಾಳದಲ್ಲಿ 'ಕನ್ನಡ' ಎಂದು ಬರೆದಿತ್ತು. ನನಗಿಂತ ಮೊದಲು ಇದ್ದವರು ಬಾಕಿ ಬಿಟ್ಟ ಅರ್ಜಿಗಳು, ಅವರ 179 ಮುಗಿದ ಮೇಲೆ ಬಂದ ಅರ್ಜಿಗಳು, ಎಲ್ಲ ಅದರಲ್ಲಿದ್ದವು. ಯಾರಿಗೂ ಅರ್ಥವಾಗದ್ದರಿಂದ ಯಾರೂ ತಿರಸ್ಕರಿಸಿಯೂ ಇರಲಿಲ್ಲ!

ಬಾವಿಗೆ ಪಂಪು ಬೇಕೆಂದು ಒಬ್ಬರು ಬರೆದಿದ್ದರು. ನಾನು ಓದಿ, ಮಲಯಾಳದಲ್ಲಿ ಟಿಪ್ಪಣಿ ಹಾಕಿ, ಅವರಿಗೆ ಫೋನ್ ಮಾಡಿದೆ. "ಆ ಬಾವಿ ಹೈವೇಗೆ ಹೋಯ್ತು ಮಾರಾಯ್ರೆ" ಅಂದರು.

ಲೆಕ್ಕ ನೋಡಿ. 1956ರ ನವೆಂಬರ್ 1ಕ್ಕೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರು. ಅದು ಪರ್ಮನೆಂಟು. ಇಲ್ಲಿ ಕನ್ನಡ ಮಾತಾಡುವವರೂ ಪರ್ಮನೆಂಟು. ಅವರ ಅರ್ಜಿ, ಕಪಾಟು, ಕಟ್ಟು, ಕಟ್ಟಿಗೆ ಸುತ್ತಿದ ದಾರ, ಎಲ್ಲಾ ಪರ್ಮನೆಂಟು. ಓದುವವನು ಮಾತ್ರ ತಾತ್ಕಾಲಿಕ.

ಇನ್ನು ಸಂಬಳ. ಕೇರಳ ಸರ್ಕಾರದ ಸಂಬಳದ ಸಾಫ್ಟ್‌ವೇರಿಗೆ ಸ್ಪಾರ್ಕ್ ಎಂದು ಹೆಸರು. ಅಂದರೆ ಕಿಡಿ. ಅದರದ್ದೇನೂ ತಪ್ಪಿಲ್ಲ. ಅದರೊಳಗೆ ನನ್ನ ಹೆಸರು ಹಾಕಬೇಕಾದವರು ರಜೆಯಲ್ಲಿದ್ದರು, ಅವರು ಬಂದಾಗ ನನ್ನ ಕಾಗದ ರಜೆಯಲ್ಲಿತ್ತು. ಮೂರನೇ ತಿಂಗಳಿಗೆ ಕಿಡಿ ಹೊತ್ತಿತು. ಅಷ್ಟರವರೆಗೆ ಸರ್ಕಾರಿ ನೌಕರನ ಬಸ್ಸಿನ ಖರ್ಚು ನೋಡಿಕೊಂಡದ್ದು ಅಡಿಕೆಯೇ. ಭಾನುವಾರ ಕೂಲಿಗೆ ಲೆಕ್ಕವಿಲ್ಲ, 179ಕ್ಕೆ ಲೆಕ್ಕ ಉಂಟು. ಈ ಗಣಿತ ಯಾವ ಮೇಷ್ಟ್ರು ಹೇಳಿಕೊಟ್ಟರೋ.

ಕಂಪ್ಯೂಟರಿನ ಪಾಸ್‌ವರ್ಡ್ ಸಿಕ್ಕಿದ್ದು 94ನೇ ದಿನ. ಕೊಡುವಾಗ ಹುಡುಗ ನೆನಪಿಸಿದ, "ಸಾರೇ, ಆರು ತಿಂಗಳಿಗೊಮ್ಮೆ ಬದಲಾಯಿಸ್ಬೇಕು." ಪಾಸ್‌ವರ್ಡಿಗೂ ನನಗಿಂತ ಆಯುಷ್ಯ ಜಾಸ್ತಿ.

ಈಗ ಕೊನೆಯ ವಾರ. ಹೊರಡುವಾಗ ಒಂದು ಕಾಗದ ಪಡೆಯಬೇಕು, ಮಲಯಾಳದಲ್ಲಿ ಅದಕ್ಕೆ 'ವಿಡುತಲ್ ಸರ್ಟಿಫಿಕೇಟ್' ಅನ್ನುತ್ತಾರೆ. ಬಿಡುಗಡೆ ಪತ್ರ. ಜೈಲಿನಿಂದ ಬಂದವನ ಹಾಗೆ ಅದನ್ನು 90 ದಿನದೊಳಗೆ ಎಕ್ಸ್‌ಚೇಂಜಿಗೆ ಮುಟ್ಟಿಸಬೇಕು. ಇಲ್ಲದಿದ್ದರೆ ಇಷ್ಟು ವರ್ಷದ ಸೀನಿಯಾರಿಟಿ ಹೋಯಿತು. ಕೆಲಸ ಹೋದರೆ ಸರ್ಕಾರಕ್ಕೆ ಚಿಂತೆಯಿಲ್ಲ. ಕೆಲಸಕ್ಕೆ ಕಾಯುವ ಸಾಲಿನಲ್ಲಿ ನನ್ನ ಜಾಗ ಮಾತ್ರ ಭದ್ರವಾಗಿರಬೇಕು.

ನಿನ್ನೆ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದೆ. ತಳಕ್ಕೆ ಹಾಸಿದ ಹಳೇ ಪೇಪರಿನ ಅಡಿಯಲ್ಲಿ ಒಂದು ರಟ್ಟು ಸಿಕ್ಕಿತು. ಅದರಲ್ಲಿ ಕನ್ನಡ ಬರಹ. ನಾಲ್ಕು ಸಾಲು, ನಾಲ್ಕು ಕೈ, ನಾಲ್ಕು ಬಣ್ಣದ ಶಾಯಿ. 'ಡ್ರಾಯರ್ ಎಳೆಯುವಾಗ ಸ್ವಲ್ಪ ಎತ್ತಿ ಎಳೆಯಿರಿ.' 'ಸೀಲು ಕಪಾಟಿನ ಹಿಂದೆ ಬೀಳುತ್ತದೆ, ಕೋಲು ಅಲ್ಲೇ ಉಂಟು.' 'ಫ್ಯಾನಿನ ಅಡಿ ಕೂರಬೇಡಿ.' 'ಪಂಪಿನವರ ಅರ್ಜಿ ಬಾಕಿ, ದಯವಿಟ್ಟು ನೋಡಿ.'

ಪೆನ್ನು ತೆಗೆದು ಐದನೇ ಸಾಲು ಬರೆದೆ. 'ನೋಡಿದೆ. ಬಾವಿ ಇಲ್ಲ. ಬುತ್ತಿ ಕಿಟಕಿಯಲ್ಲಿಡಬೇಡಿ, ಕಾಗೆ.'