ತಂತಿಯ ಕೆಳಗಿನ ಗಿಡಕ್ಕೆ ಕತ್ತಿ ಸಾಕೇ, ಮದ್ದೂ ಬೇಕೇ?

ಉತ್ತರ ಕನ್ನಡದ ವಿದ್ಯುತ್ ಮಾರ್ಗ ಮತ್ತು ರಸ್ತೆ ಬದಿಯ ಗಿಡಗಂಟಿಗೆ ಕಳೆನಾಶಕ ಬಳಸಬಹುದೇ? ವಿದ್ಯುತ್ ಮಾರ್ಗದ ಕೆಲಸ ಬಲ್ಲವರೊಬ್ಬರು ಪರವಾಗಿಯೂ, ಶಿರಸಿ ಸೀಮೆಯ ತೋಟಿಗರೊಬ್ಬರು ವಿರೋಧವಾಗಿಯೂ ಬರೆದಿದ್ದಾರೆ.

ಪರ: ಬುಡಕ್ಕೆ ಹಚ್ಚಿ, ಮುಗಿಸಿ

ಮಳೆಗಾಲಕ್ಕೆ ಮೊದಲು ಜಂಗಲ್ ಕಟಿಂಗ್ ಎಂದು ಇಡೀ ದಿನ ಕರೆಂಟ್ ತೆಗೆಯುವುದು ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಹೊಸದಲ್ಲ. ಏಪ್ರಿಲ್-ಮೇನಲ್ಲಿ ಕಡಿದದ್ದು ಜೂನ್ ಮಳೆಗೆ ಚಿಗುರುತ್ತದೆ. ಮತ್ತಿಯ ಎಳೆ ಮರವೊಂದನ್ನು ಬುಡಕ್ಕೆ ಕಡಿದು ನೋಡಿ, ನಾಲ್ಕೈದು ಕವಲು ಏಳುತ್ತವೆ. ಬೀಜದಿಂದ ಹುಟ್ಟಿದ ಸಸಿ ನಿಧಾನಕ್ಕೆ ಮೇಲೇರಬೇಕು. ಈ ಚಿಗುರಿಗಾದರೆ ನೆಲದೊಳಗೆ ಹಳೆಯ ಬೇರು ಸಿದ್ಧವಾಗಿಯೇ ಇದೆ. ಒಂದು ಕಾಂಡ ಇದ್ದಲ್ಲಿ ಐದು ಬೆಳೆಸಲು ನಾವು ವರ್ಷವೂ ಕೂಲಿ ಕೊಡುತ್ತಿದ್ದೇವೆ.

ಊರೊಳಗಿನ 11 ಕೆವಿ ಲೈನಿಗೆ ಹೊದಿಕೆಯ ತಂತಿ ಹಾಕಿ ಎನ್ನಬಹುದು. ಕೈಗಾದಿಂದ ಕಾಡಿನ ನಡುವೆ ಹೋಗುವ 400 ಕೆವಿ ಮಾರ್ಗಕ್ಕೆ ಏನು ಹೊದಿಸುತ್ತೀರಿ? ಅಷ್ಟು ಒತ್ತಡದ ತಂತಿಗೆ ಕೊಂಬೆ ತಾಗಲೇಬೇಕೆಂದಿಲ್ಲ, ಹತ್ತಿರ ಬಂದರೆ ಸಾಕು, ಕಿಡಿ ಹಾರುತ್ತದೆ. ಬಿಸಿಲಿನ ಮಧ್ಯಾಹ್ನ, ಲೋಡ್ ಹೆಚ್ಚಿದಾಗ ತಂತಿ ಜೋತು ಇನ್ನಷ್ಟು ಕೆಳಗೆ ಬರುತ್ತದೆ.

ನಾನು ಕೇಳುತ್ತಿರುವುದು ಟ್ಯಾಂಕರ್ ತಂದು ಗುಡ್ಡಕ್ಕೆಲ್ಲ ಹೊಡೆಯಿರಿ ಎಂದಲ್ಲ. ಮರವಾಗುವ ಜಾತಿಯನ್ನಷ್ಟೇ ಆರಿಸಿ ಕಡಿದು, ಹಸಿ ಕಡಿತ ಆರುವ ಮೊದಲೇ ತೊಗಟೆಯ ಒಳಸುತ್ತಿಗೆ ಬ್ರಷ್ಷಿನಲ್ಲಿ ಮದ್ದು ಹಚ್ಚುವುದು. ಗ್ಲೈಫೋಸೇಟ್‌ನಂಥ ಕಳೆನಾಶಕ ಬೇರಿಗಿಳಿದು ಚಿಗುರುವ ಶಕ್ತಿಯನ್ನೇ ಕೊಲ್ಲುತ್ತದೆ. ಕೇಪಳ, ನೆಕ್ಕರಿಕ, ಕವಳಿಯಂಥ ಕುಳ್ಳು ಪೊದೆಗಳನ್ನು ಮುಟ್ಟಬೇಕಿಲ್ಲ. ಅವು ದಟ್ಟವಾದಷ್ಟೂ ಅವುಗಳ ನೆರಳಿನಲ್ಲಿ ಮರದ ಸಸಿ ಏಳುವುದು ಕಷ್ಟ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಳೆನಾಶಕದಿಂದ ಕಾಡುಪ್ರಾಣಿಗಳ ನೆಲೆ ಹಾಳಾದೀತೆಂಬ ಬೇಟೆಗಾರರ ಆತಂಕದಿಂದಾಗಿ 1953ರಲ್ಲೇ ಒಂದು ವಿದ್ಯುತ್ ಮಾರ್ಗದಡಿ ಇಂಥ ಪ್ರಯೋಗ ಶುರುವಾಗಿ ದಶಕಗಟ್ಟಲೆ ನಡೆಯಿತು. ಮದ್ದನ್ನು ಆರಿಸಿ ಬಳಸಿದ ಕಡೆ ಹುಲ್ಲು-ಪೊದೆಯ ಹೊದಿಕೆ ಉಳಿಯಿತು, ಮರಗಳು ಕಡಿಮೆಯಾದವು. ಅಲ್ಲಿಯ ಮಳೆಯೇ ಬೇರೆ, ಗಿಡಗಳೇ ಬೇರೆ ಎನ್ನುವುದು ಗೊತ್ತು. ಬೇರಿನ ಸ್ವಭಾವ ಮಾತ್ರ ಅಷ್ಟೊಂದು ಬೇರೆಯಲ್ಲ.

ಇನ್ನೊಂದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಟಿಂಗ್ ನಡೆಯುವ ಬೇಸಿಗೆಯೇ ಉಣುಗಿನ ಕಾಲ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. ಪ್ರತಿ ವರ್ಷ ಅದೇ ಪೊದೆಯೊಳಗೆ ಆಳುಗಳನ್ನು ಇಳಿಸುವ ಬದಲು ನಾಲ್ಕು ವರ್ಷಕ್ಕೊಮ್ಮೆ ಇಳಿಸುವಂತಾದರೆ ತಪ್ಪೇ?

ವಿರೋಧ: ಆ ನೀರು ಎಲ್ಲಿಗೆ ಹೋಗುತ್ತದೆ?

ಬ್ರಷ್ಷಿನ ಮಾತು ಓದಲು ಚಂದ. ಟೆಂಡರಿನಲ್ಲಿ ಬ್ರಷ್ ಎಂದಿದ್ದದ್ದು ಗುತ್ತಿಗೆದಾರನ ಕೈಗೆ ಬರುವಷ್ಟರಲ್ಲಿ ಬೆನ್ನಿಗೆ ಕಟ್ಟುವ ಸ್ಪ್ರೇಯರ್ ಆಗಿರುತ್ತದೆ. ಬುಡ ಹುಡುಕಿ ಹಚ್ಚುವುದಕ್ಕಿಂತ ನಡೆಯುತ್ತ ಹೊಡೆಯುವುದು ಬೇಗ ಮುಗಿಯುವ ಕೆಲಸ. ಕಾಡಿನ ನಡುವೆ ನಿಂತು ನೋಡುವವರು ಯಾರು? ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರೇ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ನಮ್ಮ ಸೀಮೆಯ ತೋಟಗಳಲ್ಲಿ ಆಮೇಲೂ ಅದನ್ನು ಹೊಡೆದವರು ಯಾರು ಎಂದು ಎಲ್ಲರಿಗೂ ಗೊತ್ತಿದೆ, ಬಿಡಿ.

ಘಟ್ಟದ ಮೇಲೆ ಎಷ್ಟೋ ಮನೆಗಳಿಗೆ ಕುಡಿಯುವ ನೀರು ಬೋರಿನದಲ್ಲ, ಅಬ್ಬಿಯದು. ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಅಡುಗೆಮನೆಗೆ ಬರುವ ನೀರು. ತಂತಿ ಹಾದ ಗುಡ್ಡವೂ ಅದೇ, ಒರತೆಯ ಗುಡ್ಡವೂ ಅದೇ. ಗ್ಲೈಫೋಸೇಟ್ ಮಣ್ಣಿಗೆ ಅಂಟಿಕೊಳ್ಳುತ್ತದೆ, ಹರಿದುಹೋಗದು ಎನ್ನುತ್ತಾರೆ. ಜುಲೈ ಮಳೆಯಲ್ಲಿ ಮಣ್ಣೇ ಹರಿದು ಹಳ್ಳಕ್ಕಿಳಿಯುವ ಊರಿನಲ್ಲಿ ಈ ಸಮಾಧಾನ ನನಗೆ ಸಾಲುವುದಿಲ್ಲ. ರಸ್ತೆಯಂಚಿನದೂ ಇದೇ ಕತೆ. ಗಟಾರದ ಬದಿಯ ಒಂದೆಲಗ ತಂಬುಳಿಗೆ ಬರುತ್ತದೆ, ಮೊದಲ ಮಳೆಗೆ ಎದ್ದ ತಗಟೆ ಸೊಪ್ಪು ಪಲ್ಯಕ್ಕೆ. ದನ ಮೇಯುವುದೂ ಅಲ್ಲೇ. ನಕ್ಷೆಯಲ್ಲಿ ಆ ಪಟ್ಟಿ ಯಾರಿಗೂ ಬೇಡದ ಜಾಗ.

ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಗೇರು ತೋಪುಗಳ ಮೇಲೆ ಆಕಾಶದಿಂದ ಹೊಡೆದ ಎಂಡೋಸಲ್ಫಾನ್‌ನ ಪೀಡಿತರು ಈ ಜಿಲ್ಲೆಯಲ್ಲೂ ಇದ್ದಾರೆ. ಅದು ಕೀಟನಾಶಕ, ಇದು ಕಳೆನಾಶಕ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಅವತ್ತೂ ಸುರಕ್ಷಿತ ಎಂದೇ ಹೇಳಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಗ್ಲೈಫೋಸೇಟನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ಗಳ ಪಟ್ಟಿಗೆ ಸೇರಿಸಿತು. ಬೇರೆ ಕೆಲವು ದೇಶಗಳ ನಿಯಂತ್ರಕರು ಅದನ್ನು ಒಪ್ಪಲಿಲ್ಲ. ತಜ್ಞರೇ ಕಿತ್ತಾಡುತ್ತಿರುವ ವಸ್ತುವನ್ನು ನಮ್ಮ ಅಬ್ಬಿಯ ಮೇಲ್ಗಡೆ ಪರೀಕ್ಷಿಸುವ ಅಗತ್ಯವೇನು?

ಉಣುಗಿನ ಮಾತು ಗಂಭೀರವಾದದ್ದು. ಆದರೆ ಬುಡಕ್ಕೆ ಹಚ್ಚುವವನೂ ಮೊದಲು ಪೊದೆಗಿಳಿದು ಕಡಿಯಲೇಬೇಕಲ್ಲ! ಅದಕ್ಕೆ ಮದ್ದು ಬೇಕಿಲ್ಲ, ತಿಂಗಳು ಬದಲಾಗಬೇಕು. ಕಟಿಂಗನ್ನು ದೀಪಾವಳಿಯ ಆಸುಪಾಸಿಗೆ ತನ್ನಿ. ಆಗಿನ್ನೂ ಉಣುಗಿನ ಕಾಟ ಏರಿರುವುದಿಲ್ಲ. ಮಳೆ ನಿಂತ ಮೇಲೆ ಚಿಗುರು ಜೂನ್ ತನಕ ಅಬ್ಬರಿಸುವುದಿಲ್ಲ. ರಸ್ತೆಯ ಎರಡೂ ಬದಿ ಮುಚ್ಚಿರುವ ಕಮ್ಯುನಿಸ್ಟ್ ಗಿಡ ಎಂಬ ಕಳೆ ಹೂಬಿಟ್ಟು ಬೀಜ ಹಾರಿಸುವುದೂ ಅದರ ನಂತರವೇ. ಹೂವಿಗೆ ಮೊದಲು ಸವರಿದರೆ ಮುಂದಿನ ವರ್ಷದ ಬೀಜ ಅಷ್ಟು ಕಡಿಮೆ. ಮೇ ತಿಂಗಳಲ್ಲಿ ತಂತಿಗೆ ಬಾಗಿದ ಕೊಂಬೆಗಳನ್ನಷ್ಟೇ ಒಮ್ಮೆ ನೋಡಿಕೊಂಡರಾಯಿತು. ಅಡಿಕೆ ಗೊನೆ ಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ ಎನ್ನುವುದೊಂದೇ ತೊಡಕು, ಅದು ನಿಜವಾದ ತೊಡಕೇ.

ಅದಕ್ಕೂ ದಾರಿ ಇದೆ. ಗೊಬ್ಬರದ ಗುಂಡಿಗೆ, ಕೊಟ್ಟಿಗೆಗೆ ಸೊಪ್ಪು ಬೇಕೆಂದು ಬೆಟ್ಟದ ಮರಗಳ ಕೊಂಬೆ ಸವರುವವರು ನಾವು. ಬೆಟ್ಟದಲ್ಲಿ ಚಿಗುರು ವರ್ಷವೂ ಬರುವುದು ಸೊಪ್ಪಿಗೆ ಅನುಕೂಲ, ತಂತಿಯಡಿ ಬಂದರೆ ಮಾತ್ರ ಶತ್ರುವಂತೆ! ಕೈಗಾದ ದೊಡ್ಡ ಮಾರ್ಗವನ್ನು ಅವರೇ ನೋಡಿಕೊಳ್ಳಲಿ. ಊರ 11 ಕೆವಿ ಲೈನಿನ ಏಳು ಮೀಟರ್ ಪಟ್ಟಿಯನ್ನು ಗ್ರಾಮ ಅರಣ್ಯ ಸಮಿತಿಗೆ ವಹಿಸಿ, ಕರೆಂಟ್ ತೆಗೆಯುವ ದಿನ ವಾರ ಮೊದಲೇ ತಿಳಿಸಿ. ಕತ್ತಿ ಹಿಡಿದು ಜನ ತಾವೇ ಬರುತ್ತಾರೆ, ಸೊಪ್ಪಿನ ಹೊರೆಗಾಗಿ.