ಮ್ಯೂಟ್ ಅಲ್ಲ, ಮೂಟ್

ಇಂದು ಬೆಳಿಗ್ಗೆ ಕಾನೂನು ಕಾಲೇಜೊಂದರ ಅಣಕು ನ್ಯಾಯಾಲಯ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಒಂದು ತಂಡದ ಮೆಮೋರಿಯಲ್, ಅಂದರೆ ಲಿಖಿತ ವಾದದ ಪ್ರತಿ, ಅಚ್ಚುಕಟ್ಟಾಗಿತ್ತು: ನೀಲಿ ರಟ್ಟು, ಸ್ಪೈರಲ್ ಬೈಂಡಿಂಗ್. ಏಳನೇ ಪುಟದಲ್ಲಿ ‘ಮ್ಯೂಟ್ ಪಾಯಿಂಟ್’ ಎಂದಿತ್ತು. ಒಂಬತ್ತರಲ್ಲಿ ಮತ್ತೆ ಅದೇ. ರಟ್ಟಿನ ಮೇಲೆ ‘ಮೂಟ್ ಕೋರ್ಟ್’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದವರೇ ಒಳಗೆ ಹೀಗೆ ಬರೆದರೆ ಏನು ಹೇಳುವುದು? ಇನ್ನೂ ಸಿಟ್ಟು ಇಳಿದಿಲ್ಲ.

ಮ್ಯೂಟ್ ಎಂದರೆ ಮೂಕ. ಮೊಬೈಲಿನ ದನಿ ಅಡಗಿಸಲು ಒತ್ತುವ ಗುಂಡಿ. ಮೂಟ್ ಬೇರೆಯೇ ಪದ. ಹಳೆಯ ಇಂಗ್ಲಿಷಿನಲ್ಲಿ ‘ಗೆಮೋಟ್’ ಎಂದರೆ ಸಭೆ, ಕೂಟ. ಲಂಡನ್ನಿನ ಇನ್ಸ್ ಆಫ್ ಕೋರ್ಟ್‌ಗಳಲ್ಲಿ ವಕೀಲಿ ಕಲಿಯುವವರು ಕಲ್ಪಿತ ಮೊಕದ್ದಮೆ ಹಿಡಿದು ವಾದಿಸುತ್ತಿದ್ದುದೂ ಮೂಟ್. ಮೂಟ್ ಪಾಯಿಂಟ್ ಎಂದರೆ ಎರಡೂ ಕಡೆಯಿಂದ ವಾದಿಸಬಹುದಾದ, ಇನ್ನೂ ಇತ್ಯರ್ಥವಾಗದ ವಿಷಯ. ನಮ್ಮ ಚರ್ಚಾಸ್ಪದ. ಅದನ್ನು ಹಿಡಿದು ಮೂಕವಾಗಿಸುವುದೇ?

“ಸರ್, ಅರ್ಥವಾಯಿತಲ್ಲವೇ? ಅಷ್ಟಕ್ಕೇ ಅಂಕ ಕಳೆಯುತ್ತೀರಾ?” ಎಂದು ತಂಡದ ಹುಡುಗಿ ಕೇಳಿದಳು. ಕಳೆದೆ.

ಭಾಷೆ ಬದಲಾಗುತ್ತದೆ ಎಂದು ಪಕ್ಕದ ತೀರ್ಪುಗಾರರು ವಾದಿಸಿದರು. ಬದಲಾಗಲಿ. ಅಮೆರಿಕದಲ್ಲಿ ಈ ಪದವೇ ಬದಲಾಗಿದೆ. ತೀರ್ಪು ಕೊಟ್ಟರೂ ಪ್ರಯೋಜನವಿಲ್ಲದ ವಿಷಯಕ್ಕೆ ಅಲ್ಲಿ ಮೂಟ್ ಎನ್ನುತ್ತಾರೆ. ಕಾನೂನು ಕಾಲೇಜು ಪ್ರವೇಶ ನಿರಾಕರಿಸಿತೆಂದು ಮಾರ್ಕೊ ಡಿಫ್ಯೂನಿಸ್ ಹೂಡಿದ ದಾವೆ ಸುಪ್ರೀಂ ಕೋರ್ಟ್ ತಲುಪಿ 1974ರಲ್ಲಿ ತೀರ್ಪಿಗೆ ಬರುವ ಹೊತ್ತಿಗೆ, ಕೆಳ ನ್ಯಾಯಾಲಯದ ಆದೇಶದಿಂದ ಸೀಟು ಪಡೆದು ಅವರು ಕೊನೆಯ ಅವಧಿ ಓದುತ್ತಿದ್ದರು. ಕೋರ್ಟ್ ಅದನ್ನು ಮೂಟ್ ಎಂದು ಕೈಬಿಟ್ಟಿತು. ನಮ್ಮ ನ್ಯಾಯಾಲಯಗಳು ಇಂಥ ಕಡೆ ‘ಇನ್‌ಫ್ರಕ್ಚುವಸ್’ ಎನ್ನುತ್ತವೆ. ಆ ಬದಲಾವಣೆಗೆ ಹಿನ್ನೆಲೆಯಿದೆ. ಮ್ಯೂಟ್ ಬರೀ ಕಿವಿಯ ತಪ್ಪು.

ಈ ಪದದ ಬಿಸಿ ನನಗೂ ತಟ್ಟಿದೆ. ವಕೀಲಿಯ ಆರಂಭದಲ್ಲಿ, ಅಮೆರಿಕದಲ್ಲಿದ್ದ ಕಕ್ಷಿದಾರರೊಬ್ಬರಿಗೆ ಜಮೀನಿನ ಹಕ್ಕಿನ ಪ್ರಶ್ನೆ ‘ಮೂಟ್’ ಎಂದು ಪತ್ರ ಬರೆದೆ. ಇನ್ನೂ ವಾದಕ್ಕೆ ಆಸ್ಪದವಿದೆ ಎಂಬುದು ನನ್ನ ಭಾವ. ಎಲ್ಲ ಮುಗಿಯಿತೆಂದು ಅವರು ತಿಳಿದು ವಕಾಲತ್ತಿಗೆ ಸಹಿ ಹಾಕಿ ಕಳುಹಿಸಲೇ ಇಲ್ಲ. ಹೈಕೋರ್ಟಿಗೆ ಮೇಲ್ಮನವಿ ಹೂಡಲು ಇದ್ದ 90 ದಿನ ದಾಟಿತು. ವಿಳಂಬ ಮನ್ನಿಸಿ ಎಂಬ ಅರ್ಜಿಗೆ ನನ್ನದೇ ಪತ್ರವನ್ನು ಲಗತ್ತಿಸಿ, ನ್ಯಾಯಮೂರ್ತಿಗಳ ಮುಂದೆ ತಲೆ ತಗ್ಗಿಸಿ ನಿಂತೆ. ಅಂದಿನಿಂದ ಆ ಪದ ಬರೆದಾಗಲೆಲ್ಲ ‘ಇದು ಇನ್ನೂ ತೀರ್ಮಾನವಾಗಿಲ್ಲ’ ಎಂದು ಜೊತೆಗೇ ಬರೆಯುತ್ತೇನೆ. ಇದನ್ನು ಆ ಹುಡುಗಿಗೂ ಹೇಳಿದೆ.

ಊಟದ ಹೊತ್ತಿಗೆ ಆಕೆ ಮೆಮೋರಿಯಲ್ ಹಿಡಿದು ಮತ್ತೆ ಬಂದಳು. ಹದಿನೇಳನೇ ಪುಟದಲ್ಲಿ ನನ್ನ ಕಣ್ಣಿಗೆ ಬೀಳದ ಇನ್ನೊಂದು ‘ಮ್ಯೂಟ್’ ಇತ್ತು; ಆಕೆಯೇ ಅದಕ್ಕೆ ಕೆಂಪು ಗೆರೆ ಎಳೆದಿದ್ದಳು.