ಪರ–ವಿರೋಧ: ಕ್ಲಬ್‌ಗೆ ಫುಟ್‌ಬಾಲ್ ನಿರ್ದೇಶಕ ಬೇಕೇ?

ಕ್ರೀಡಾ ನಿರ್ದೇಶಕ ಡ್ಯಾನ್ ಆಶ್‌ವರ್ತ್ ಐದೇ ತಿಂಗಳಲ್ಲಿ ಹೊರನಡೆದ ಬಳಿಕ, 2025ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ ಜೇಸನ್ ವಿಲ್‌ಕಾಕ್ಸ್ ಅವರನ್ನು ಫುಟ್‌ಬಾಲ್ ನಿರ್ದೇಶಕರನ್ನಾಗಿ ಮಾಡಿತು. ಆಟಗಾರರ ಆಯ್ಕೆ, ಖರೀದಿ, ಮಾರಾಟ ನೋಡಿಕೊಳ್ಳುವುದು ಈ ಹುದ್ದೆಯ ಕೆಲಸ. ಆಟಗಾರರ ಖರೀದಿಯಲ್ಲಿ ಕೊನೆಯ ಮಾತು ಕೋಚ್‌ನದೋ, ನಿರ್ದೇಶಕನದೋ ಎಂಬ ವಾದ ನಮ್ಮ ಕಡೆಯ ಅಭಿಮಾನಿಗಳಲ್ಲಿ ಇನ್ನೂ ನಿಂತಿಲ್ಲ. ಇಲ್ಲಿ ಬರೆದಿರುವ ಇಬ್ಬರೂ ಯುನೈಟೆಡ್ ಅಭಿಮಾನಿಗಳೇ.

ಪರ: ಕೋಚ್ ಹೋಗುತ್ತಾನೆ, ಅವನು ಕೊಂಡ ಆಟಗಾರ ಉಳಿಯುತ್ತಾನೆ
(ಕಲಬುರಗಿಯಿಂದ)

2013ರ ಮೇ ತಿಂಗಳಲ್ಲಿ ನಮ್ಮ ಕೋಚ್ ಸರ್ ಅಲೆಕ್ಸ್ ಫರ್ಗುಸನ್ ನಿವೃತ್ತರಾದರು. ಅದೇ ಬೇಸಿಗೆಯಲ್ಲಿ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಕೂಡ ಹುದ್ದೆ ಬಿಟ್ಟರು. ಯಾರನ್ನು ಕೊಳ್ಳಬೇಕು, ಯಾರನ್ನು ಯಾವಾಗ ಬಿಟ್ಟುಕೊಡಬೇಕು ಎಂಬ ತಿಳಿವಳಿಕೆಯೆಲ್ಲ ಆ ಇಬ್ಬರ ತಲೆಯಲ್ಲಿತ್ತು. ಅವರು ಹೋದಾಗ ಅದೂ ಅವರ ಜೊತೆಗೇ ಹೋಯಿತು. ಅಂದಿನಿಂದ ನಾವು ಪಡುತ್ತಿರುವ ಪಾಡಿಗೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ.

ಕೋಚ್ ಆಗಿ ಡೇವಿಡ್ ಮೊಯೆಸ್ ಬಂದರು, ತಮ್ಮ ಹಳೆಯ ಕ್ಲಬ್ ಎವರ್ಟನ್‌ನಿಂದ ಫೆಲೈನಿಯನ್ನು ತಂದರು. ಅವರ ನಂತರದ ಕೋಚ್ ವಾನ್ ಗಾಲ್ ಕಾಲದಲ್ಲಿ 59.7 ಮಿಲಿಯನ್ ಪೌಂಡ್ ಕೊಟ್ಟು ತಂದ ಡಿ ಮರಿಯಾ ಒಂದು ಋತು ಮುಗಿಯುತ್ತಲೇ ಪ್ಯಾರಿಸ್‌ಗೆ ಹೋದರು. ಎರಿಕ್ ಟೆನ್ ಹಾಗ್ 2022ರಲ್ಲಿ ಕೋಚ್ ಆಗಿ ಬಂದು ತಮ್ಮ ಹಳೆಯ ಕ್ಲಬ್ ಅಯಾಕ್ಸ್‌ನಿಂದಲೇ ಆಂಟನಿಯನ್ನು ತರಿಸಿಕೊಂಡರು. ಬೆಲೆ 95 ಮಿಲಿಯನ್ ಯೂರೋ! 2024ರ ಅಕ್ಟೋಬರ್‌ನಲ್ಲಿ ಟೆನ್ ಹಾಗ್ ಅವರನ್ನು ಮನೆಗೆ ಕಳುಹಿಸಲಾಯಿತು. ಮುಂದೆ ಬಂದ ಅಮೊರಿಮ್ ಹಿಂದೆ ಮೂವರು ಡಿಫೆಂಡರ್‌ಗಳನ್ನು ನಿಲ್ಲಿಸಿ ಆಡಿಸುವವರು, ಆ ಜೋಡಣೆಯಲ್ಲಿ ಆಂಟನಿಯಂಥ ಗೆರೆಯಂಚಿನ ವಿಂಗರ್‌ಗೆ ಜಾಗವೇ ಇಲ್ಲ. ಕೊನೆಗೆ ಆಂಟನಿ ಸುಮಾರು ಕಾಲು ಬೆಲೆಗೆ ಸ್ಪೇನಿನ ಬೆಟಿಸ್ ಪಾಲಾದರು. 2024–25ರಲ್ಲಿ ನಾವು ಲೀಗ್ ಮುಗಿಸಿದ್ದು 15ನೇ ಸ್ಥಾನದಲ್ಲಿ.

ಆಂಟನಿ ಬಂದಾಗ ನಿರ್ದೇಶಕರು ಇದ್ದರಲ್ಲ ಎಂದು ವಿರೋಧದ ಬದಿ ಬರೆಯುವ ಬೀದರಿನ ಮಿತ್ರರು ಖಂಡಿತ ಕೇಳುತ್ತಾರೆ. ಹೆಸರಿಗೆ ಇದ್ದರು. ಹೆಸರಿಗಿದ್ದವರ ಲೆಕ್ಕ ನನಗೆ ಬೇಡ.

ನಾನು ಈ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ನಮ್ಮ ಮನೆಯ ಕಸುಬೂ ಕಾರಣ. ನಮ್ಮ ತಂದೆ ಇಲ್ಲಿನ ಒಂದು ದಾಲ್ ಮಿಲ್‌ಗೆ ತೊಗರಿ ಖರೀದಿ ಮಾಡುತ್ತಿದ್ದರು. ಸುಗ್ಗಿಯಲ್ಲಿ ಬೆಳಗ್ಗೆಯೇ ಎಪಿಎಂಸಿ ಅಂಗಳಕ್ಕೆ ಹೋಗಿ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡುತ್ತಿದ್ದರು. ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಒಡೆಯುತ್ತಿದ್ದರು. ಕಟ್ ಎಂದರೆ ಒಣಗಿದೆ, ಮೆತ್ತಗಾದರೆ ತೇವವಿದೆ. ಮೇಲೆ ಚೆಂದದ ಕಾಳು ಹರವಿ ಒಳಗೆ ಹುಳುಕು ಇಟ್ಟಿದ್ದರೆ ಅವರ ಕೈಗೆ ಸಿಗದೆ ಹೋಗುತ್ತಿರಲಿಲ್ಲ. ಮಿಲ್ ನಡೆಸುವ ಮಿಸ್ತ್ರಿಯೇ ಬೇರೆ. ಕಾಳಿಗೆ ಎಣ್ಣೆ ಹಚ್ಚಿಸುವುದು, ಒಣಗಿಸುವುದು, ನುಚ್ಚಾಗದಂತೆ ಒಡೆಸುವುದು ಅವರ ಕೆಲಸ. ಅದರಲ್ಲಿ ಅವರೇ ದೊಡ್ಡವರು.

ಒಂದು ವರ್ಷ ಮಾಲೀಕರು ಮಿಸ್ತ್ರಿಯ ಮಾತು ಕೇಳಿ ಖರೀದಿಯನ್ನೂ ಅವರಿಗೇ ಒಪ್ಪಿಸಿದರು. ಅವರಿಗೆ ಯಂತ್ರ ಸಲೀಸಾಗಿ ಓಡಬೇಕು, ಹಾಗಾಗಿ ಒಂದೇ ಗಾತ್ರದ ದಪ್ಪ ಕಾಳು ಬೇಕು. ಹೇಳಿದ ದರ ಕೊಟ್ಟು ಗೋದಾಮು ತುಂಬಿಸಿದರು. ಸುಗ್ಗಿ ಮುಗಿಯುವ ಮೊದಲೇ ಹೆಚ್ಚಿನ ಪಗಾರಕ್ಕೆ ಲಾತೂರಿನ ಕಡೆಗೆ ಹೊರಟುಹೋದರು. ಹೊಸ ಮಿಸ್ತ್ರಿಯ ಪದ್ಧತಿ ಬೇರೆ. ಗೋದಾಮಿನಲ್ಲಿ ಚೀಲಗಳು ಹಾಗೆಯೇ ಬಿದ್ದವು, ದರ ಇಳಿಯಿತು, ನಷ್ಟವೆಲ್ಲ ಮಾಲೀಕರದು. ಮರುವರ್ಷ ತಂದೆಯವರನ್ನು ಮನೆಗೇ ಬಂದು ಕರೆದುಕೊಂಡು ಹೋದರು. ನನ್ನ ಪ್ರಕಾರ ಟೆನ್ ಹಾಗ್ ಮತ್ತು ಆಂಟನಿಯ ಕಥೆ ಇದಕ್ಕಿಂತ ಒಂದಿಷ್ಟೂ ಬೇರೆಯಲ್ಲ.

ಸ್ಪೇನಿನ ಸೆವಿಯ್ಯಾ ಕ್ಲಬ್ ನೋಡಿ. 2000ದಲ್ಲಿ ತನ್ನ ಹಳೆಯ ಗೋಲ್‌ಕೀಪರ್ ಮೊಂಚಿ ಅವರಿಗೆ ನಿರ್ದೇಶಕನ ಹೊಣೆ ಕೊಟ್ಟಿತು. 2006, 2007ರಲ್ಲಿ ಹುವಾಂದೆ ರಾಮೋಸ್ ಕೋಚ್ ಆಗಿದ್ದಾಗ ಯುಯೆಫಾ ಕಪ್ ಬಂತು. 2014, 2015, 2016ರಲ್ಲಿ ಉನಾಯ್ ಎಮೆರಿ ಇದ್ದಾಗ ಅದೇ ಟೂರ್ನಿಯ ಹೊಸ ಹೆಸರಾದ ಯುರೋಪಾ ಲೀಗ್ ಬಂತು. ಕೋಚ್ ಬದಲಾದರು, ಡ್ಯಾನಿ ಆಲ್ವೆಸ್‌ರಂಥ ಆಟಗಾರರು ಬಂದು ದೊಡ್ಡ ಬೆಲೆಗೆ ಮಾರಾಟವಾದರು, ಮೊಂಚಿ ಮಾತ್ರ ಅಲ್ಲೇ ಇದ್ದರು.

ಲಿವರ್‌ಪೂಲ್ ಹೆಸರು ಬರೆಯಲು ನನ್ನ ಕೈ ಏಳುವುದಿಲ್ಲ, ಆದರೂ ಬರೆಯಲೇಬೇಕು. 2017ರಲ್ಲಿ ಅಲ್ಲಿನ ಕೋಚ್ ಕ್ಲಾಪ್ ಅವರ ಮನಸ್ಸು ಯೂಲಿಯಾನ್ ಬ್ರಾಂಟ್ ಎಂಬ ಆಟಗಾರನ ಕಡೆಗಿತ್ತು. ಸಲಾಹ್ ಬೇಕು ಎಂದು ಪಟ್ಟು ಹಿಡಿದವರು ನಿರ್ದೇಶಕ ಮೈಕಲ್ ಎಡ್ವರ್ಡ್ಸ್ ಮತ್ತು ಅವರ ತಂಡ. ಮರುವರ್ಷ ಜನವರಿಯಲ್ಲಿ ಕುಟಿನ್ಯೊ ಅವರನ್ನು ಬಾರ್ಸಿಲೋನಾಕ್ಕೆ ಮಾರಿದರು. ಅದೇ ವರ್ಷ ವಾನ್ ಡೈಕ್ ಬಂದರು, ಅಲಿಸನ್ ಬಂದರು. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ ಲೀಗ್ ಕಿರೀಟ. ನಮ್ಮ ಎದುರಾಳಿಗಳು ಅಷ್ಟು ಎತ್ತರಕ್ಕೆ ಏರುವಾಗ ನಾವು ಪ್ರತಿ ಹೊಸ ಕೋಚ್‌ಗೂ ಹೊಸ ಪಟ್ಟಿ ಬರೆಯಲು ಕಾಗದ ಕೊಡುತ್ತಿದ್ದೆವು. ಕೋಚ್ ಹೋಗುತ್ತಾನೆ, ಅವನು ಕೊಂಡ ಆಟಗಾರ ಐದು ವರ್ಷದ ಒಪ್ಪಂದ ಹಿಡಿದು ಉಳಿಯುತ್ತಾನೆ. ವಿಲ್‌ಕಾಕ್ಸ್ ಅವರಿಗೆ ಕನಿಷ್ಠ ಐದು ವರ್ಷ ಕೊಡಿ, ಮಧ್ಯೆ ಯಾರೂ ಕೈ ಹಾಕಬೇಡಿ.

ವಿರೋಧ: ಸೋತಾಗ ಮನೆಗೆ ಹೋಗುವವನಿಗೇ ಕೊನೆಯ ಮಾತಿರಲಿ
(ಬೀದರ್‌ನಿಂದ)

ವಿರೋಧದ ಬದಿ ಬರೆಯಬೇಕೆಂದು ನನ್ನನ್ನು ಕೇಳಿದರು. ನಿರ್ದೇಶಕ ಎಂಬ ಹುದ್ದೆಯೇ ಇರಬಾರದು ಎಂದು ನಾನು ಹೇಳಲಾರೆ. ಹೊಸ ಪ್ರತಿಭೆಗಳನ್ನು ಹುಡುಕಲಿ, ಆಟಗಾರರ ಏಜೆಂಟರ ಜೊತೆ ದರ ಚೌಕಾಸಿ ಮಾಡಲಿ, ಅಕಾಡೆಮಿ ನೋಡಿಕೊಳ್ಳಲಿ. ಕೊನೆಯ ಮಾತು ಮಾತ್ರ ಅವನದಾಗಬಾರದು. ಇಷ್ಟರ ಮಟ್ಟಿಗೆ ಈ ಬದಿ ನನ್ನದೇ.

ಕೆವಿನ್ ಕೀಗನ್ ಅವರಿಗಾದದ್ದನ್ನು ನೆನಪಿಸಿಕೊಳ್ಳಿ. 2008ರಲ್ಲಿ ನ್ಯೂಕ್ಯಾಸಲ್ ಕ್ಲಬ್ ಅವರನ್ನು ಮ್ಯಾನೇಜರ್, ಅಂದರೆ ಕೋಚ್ ಮಾಡಿತು, ಅವರ ಮೇಲೆ ಡೆನಿಸ್ ವೈಸ್ ಅವರನ್ನು ನಿರ್ದೇಶಕರಾಗಿ ತಂದು ಕೂರಿಸಿತು. ನಾಚೊ ಗೊನ್ಸಾಲೆಸ್ ಎಂಬ ಆಟಗಾರನನ್ನು ತರುತ್ತೇವೆ, ಯೂಟ್ಯೂಬ್‌ನಲ್ಲಿ ನೋಡಿಕೊಳ್ಳಿ ಎಂದರು ವೈಸ್. ಬೇಡ ಎಂದರು ಕೀಗನ್. ಆದರೂ ಆಟಗಾರ ಬಂದ, ಕೀಗನ್ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. 2009ರಲ್ಲಿ ನ್ಯಾಯಮಂಡಳಿ ಕೀಗನ್ ಪರವಾಗಿಯೇ ತೀರ್ಪು ಕೊಟ್ಟು 2 ಮಿಲಿಯನ್ ಪೌಂಡ್ ಪರಿಹಾರ ಕೊಡಿಸಿತು. ಅದೇ ಕ್ಲಬ್ 2013ರಲ್ಲಿ ಜೋ ಕಿನಿಯರ್ ಅವರನ್ನು ನಿರ್ದೇಶಕರನ್ನಾಗಿ ಮಾಡಿತು. ಅವರು ಒಬ್ಬ ಕಾಯಂ ಆಟಗಾರನನ್ನೂ ಕೊಳ್ಳದೆ ಮುಂದಿನ ಫೆಬ್ರವರಿಯಲ್ಲಿ ಹೊರಟರು.

ಆಂಟನಿಗೆ ಹಣ ಸುರಿದಾಗ ಯುನೈಟೆಡ್‌ನಲ್ಲಿ ಜಾನ್ ಮರ್ಟಾಫ್ ಎಂಬ ಫುಟ್‌ಬಾಲ್ ನಿರ್ದೇಶಕರು 2021ರಿಂದಲೂ ಇದ್ದರು. ಹುದ್ದೆ ಇತ್ತು, ಸಂಬಳ ಇತ್ತು, ತಡೆಯಲಿಲ್ಲ. ಕಲಬುರಗಿಯ ಮಿತ್ರರು ಇದಕ್ಕೆ ಉತ್ತರ ಕೊಡಬೇಕು. ಲಿವರ್‌ಪೂಲ್ ವಿಷಯಕ್ಕೆ ನಾನು ಹೋಗುವುದಿಲ್ಲ. ಕ್ಲಾಪ್ ಅಂಥ ಕೋಚ್ ಇದ್ದರೆ ಯಾವ ಪದ್ಧತಿಯೂ ಸರಿಯೇ. ಕಂಪ್ಯೂಟರ್‌ನ ಅಂಕಿ ನೋಡಿ ಆಟಗಾರನನ್ನು ಆರಿಸುವವರಿಗೆ ಡ್ರೆಸ್ಸಿಂಗ್ ರೂಮಿನಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ ಎಂಬುದು ಹೇಗೆ ಗೊತ್ತಾದೀತು?

ನಮ್ಮ ದೇಶದಲ್ಲೇ ನೋಡೋಣ. ಕೇರಳ ಬ್ಲಾಸ್ಟರ್ಸ್ 2020ರಲ್ಲಿ ಲಿಥುವೇನಿಯಾದ ಕರೋಲಿಸ್ ಸ್ಕಿಂಕಿಸ್ ಅವರನ್ನು ಸ್ಪೋರ್ಟಿಂಗ್ ಡೈರೆಕ್ಟರ್, ಅಂದರೆ ಇಂಥದ್ದೇ ನಿರ್ದೇಶಕ ಮಾಡಿತು. ಎರಡು ವರ್ಷದ ಬಳಿಕ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ವರೆಗೂ ಬಂತು. ಅಲ್ಲಿ ಎದುರಿಗಿದ್ದದ್ದು ನಮ್ಮ ಹೈದರಾಬಾದ್ ಎಫ್‌ಸಿ. ಕೋಚ್ ಮನೋಲೊ ಮಾರ್ಕೆಸ್ ಕಟ್ಟಿದ ತಂಡ, ಆ ಋತುವಿನಲ್ಲಿ 18 ಗೋಲು ಹೊಡೆದ ಒಗ್ಬೆಚೆ, ಪೆನಾಲ್ಟಿಯಲ್ಲಿ ಮೂರು ಹೊಡೆತ ತಡೆದ ಲಕ್ಷ್ಮೀಕಾಂತ್ ಕಟ್ಟಿಮನಿ. ಕಪ್ ಬಂದದ್ದು ಹೈದರಾಬಾದಿಗೆ.

ನಮ್ಮ ಎಂದದ್ದು ಸುಮ್ಮನಲ್ಲ. ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದಿನ ಗಚ್ಚಿಬೌಲಿ ಎಷ್ಟೋ ಹತ್ತಿರ. ಮಧ್ಯಾಹ್ನ ಜಹೀರಾಬಾದ್ ಮೇಲೆ ಹೋಗುವ ಬಸ್ ಹಿಡಿದರೆ ಪಂದ್ಯದ ಹೊತ್ತಿಗೆ ಸ್ಟೇಡಿಯಂ ಬಾಗಿಲಲ್ಲಿ ಇರುತ್ತಿದ್ದೆವು. ಕಪ್ ಗೆದ್ದ ಮರುಋತುವಿನಲ್ಲಿ ಹಳದಿ ಅಂಗಿ ತೊಟ್ಟ ಹುಡುಗರ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದ್ದೇವೆ. ಅಲ್ಲಿ ಉರ್ದು, ತೆಲುಗು, ಕನ್ನಡ ಎಲ್ಲ ಒಟ್ಟಿಗೇ ಕೇಳುತ್ತಿತ್ತು. ಕಾರ್ನರ್ ಸಿಕ್ಕಾಗ ಮನೋಲೊ ಗೆರೆಯಂಚಿಗೆ ಬಂದು ಎರಡೂ ಕೈ ಬೀಸಿ ಡಿಫೆಂಡರ್‌ಗಳನ್ನು ಮುಂದೆ ತಳ್ಳುತ್ತಿದ್ದರು, ಚೆಂಡು ಹೊರಹೋದರೆ ತಲೆ ಹಿಡಿದು ತಿರುಗುತ್ತಿದ್ದರು. ಗೋಲು ತಪ್ಪಿದಾಗ ಪ್ರೇಕ್ಷಕರೆಲ್ಲ ಮೊದಲು ನೋಡುತ್ತಿದ್ದದ್ದು ಅವರ ಕಡೆಗೆ. ಆ ಕ್ಲಬ್ ಆಮೇಲೆ ಸಂಬಳ ಕೊಡಲಾಗದೆ ಕುಸಿಯಿತು, ಆಟಗಾರರು ಚದುರಿದರು, 2025ರಲ್ಲಿ ದೆಹಲಿಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. ಹಣ ನಿಂತರೆ ಯಾವ ನಿರ್ದೇಶಕನೂ ಉಳಿಸಲಾರ ಎಂಬುದು ಬೇರೆ ಮಾತು. ನಮಗಂತೂ ಬಸ್ಸಿನ ದೂರದಲ್ಲಿದ್ದ ಒಂದೇ ಐಎಸ್‌ಎಲ್ ತಂಡ ಹೋಯಿತು, ಆ ನೋವು ಇನ್ನೂ ಆರಿಲ್ಲ.

ವಿಷಯಕ್ಕೆ ಬರುತ್ತೇನೆ. ಸೋತಾಗ ಪತ್ರಕರ್ತರ ಮುಂದೆ ಕೂರುವವನು ಕೋಚ್, ಕೆಲಸ ಕಳೆದುಕೊಳ್ಳುವವನೂ ಅವನೇ. ನಿರ್ದೇಶಕ ಬೇಕಾದಷ್ಟು ಹೆಸರು ಸೂಚಿಸಲಿ, ಆದರೆ ಬೇಡ ಎನ್ನುವ ಹಕ್ಕು ಕೋಚ್‌ನ ಒಪ್ಪಂದದಲ್ಲೇ ಬರಹದಲ್ಲಿರಬೇಕು. ಯುನೈಟೆಡ್ ಮುಂದೆ ಯಾರನ್ನೇ ಕೋಚ್ ಮಾಡಿದರೂ ಅವರು ಸಹಿ ಹಾಕುವ ಮೊದಲು ಆ ಸಾಲು ಇದೆಯೇ ಎಂದು ನೋಡಿಕೊಳ್ಳಲಿ.